ಕದ ಹಾಕಿದ ಊರಿನ ಆಟ

ಅಬ್ಬಿಗೆರೆಯಲ್ಲಿ ರಾತ್ರಿ ಒಂದು ಗಂಟೆಯ ಮೇಲೆ ಎಚ್ಚರವಾಗಿರುವವರು ಮೂರು ಬಗೆಯ ಜನ: ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದವರು, ನೀರಿನ ಟ್ಯಾಂಕರಿಗಾಗಿ ಕಾದಿರುವವರು, ಕಂಪ್ಯೂಟರಿನ ಮುಂದೆ ಕುಳಿತ ಹುಡುಗರು. ಅಬ್ಬಿಗೆರೆಯೆಂದರೆ ಗದಗ ಸೀಮೆಯ ಅಬ್ಬಿಗೆರೆಯಲ್ಲ. ಬೆಂಗಳೂರಿನ ಉತ್ತರದಲ್ಲಿ, ಜಾಲಹಳ್ಳಿಗೂ ಚಿಕ್ಕಬಾಣಾವರಕ್ಕೂ ಸಮೀಪವಾಗಿರುವ ಅಬ್ಬಿಗೆರೆ. ಒಂದು ಕಾಲಕ್ಕೆ ಹಳ್ಳಿ, ಈಗ ನಗರದ ಒಂದು ತುಂಡು. ಅಂತಹ ಕಡೆ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಕಾರ್ಖಾನೆಯೊಂದರಿಂದ ನಿವೃತ್ತರಾದ ಯಜಮಾನರು, ಅವರ ಮನೆಯಾಕೆ, ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿರುವ ಮಗ. ಮೂವರಲ್ಲಿ ಮೊದಲಿನವರು ಗಾಢನಿದ್ರೆಯಲ್ಲಿರುತ್ತಾರೆ. ಉಳಿದ ಇಬ್ಬರ ಕೋಣೆಯಲ್ಲಿಯೂ ದೀಪವಿರುತ್ತದೆ.

ಟ್ಯಾಂಕರು ಬಂದೀತೆಂದು ಕಿವಿಗೊಟ್ಟು ಕುಳಿತ ತಾಯಿ ಮಗನ ಕೋಣೆಗೆ ಇಣುಕಿ ನೋಡುತ್ತಾಳೆ. ಇಷ್ಟು ಹೊತ್ತಿನಲ್ಲಿ ಹುಡುಗ ಮಾಡುತ್ತಿರುವುದೇನು? ಗುಂಡು ಹಾರಿಸುವ ಆಟವಿರಬೇಕೆಂದು ಅವಳ ಊಹೆ. ಪರದೆಯ ಮೇಲೆ ಕಾಣುವುದು ಬೇರೆಯೇ. ಮೇಲಿನಿಂದ ನೋಡಿದಂತೆ ಒಂದು ಮನೆ. ಗೋಡೆ, ಮಂಚ, ಒಲೆ, ಬಚ್ಚಲು ಎಲ್ಲ ಅಂಗೈ ಮೇಲಿಟ್ಟಂತೆ ತೋರುತ್ತವೆ. ಒಳಗೆ ಬೊಂಬೆಯಂತಹ ಒಬ್ಬ ಮನುಷ್ಯ. ಅವನು ಕಿಟಕಿಗೆ ದುಪ್ಪಟಿ ಕಟ್ಟುತ್ತಾನೆ, ದೀಪ ಆರಿಸುತ್ತಾನೆ, ಅಡುಗೆ ಮನೆಗೆ ಹೋಗಿ ಇದ್ದಬದ್ದ ಪಾತ್ರೆಗಳಿಗೆಲ್ಲ ನೀರು ಹಿಡಿಯುತ್ತಾನೆ.

"ಏನೋ, ಅವರ ಊರಿನಲ್ಲೂ ನೀರಿಲ್ಲವೆ?" ಎಂದು ತಾಯಿ ಕೇಳಿದರೆ ಅದು ಹಾಸ್ಯವಲ್ಲ. ಆ ಆಟದ ಮರ್ಮವನ್ನು ಅವಳು ಒಂದೇ ನೋಟಕ್ಕೆ ಹಿಡಿದಿರುತ್ತಾಳೆ.

ಆಟದ ಹೆಸರು 'ಪ್ರಾಜೆಕ್ಟ್ ಜೋಂಬಾಯ್ಡ್'. ಮಾಡಿದವರು 'ದಿ ಇಂಡಿ ಸ್ಟೋನ್' ಎಂದು ಹೆಸರಿಟ್ಟುಕೊಂಡ ಕೆಲವೇ ಮಂದಿಯ ಒಂದು ಇಂಗ್ಲಿಷ್ ತಂಡ. 2011ರಲ್ಲಿ ಮೊದಲ ಕರಡು ಹೊರಬಂತು; 2013ರ ನವೆಂಬರಿನಲ್ಲಿ 'ಸ್ಟೀಮ್' ಎಂಬ ಆಟದಂಗಡಿಯ ಮೂಲಕ ಎಲ್ಲ ದೇಶದವರಿಗೂ ದೊರೆಯಿತು. ಅಂದಿನಿಂದ ಇಂದಿನವರೆಗೆ ಅದನ್ನು ತಿದ್ದುತ್ತಲೇ ಇದ್ದಾರೆ. ಕಥೆ ನಡೆಯುವುದು ಅಮೆರಿಕದ ಕೆಂಟಕಿ ಸಂಸ್ಥಾನದಲ್ಲಿ, 1993ರ ಜುಲೈ ತಿಂಗಳಲ್ಲಿ. ಏನೋ ಒಂದು ಬೇನೆ ಹರಡಿ, ಸತ್ತವರೆಲ್ಲ ಎದ್ದು ಬೀದಿಯಲ್ಲಿ ಅಲೆಯುತ್ತಿದ್ದಾರೆ. ಬದುಕಿರುವವನು ಆಡುವಾತನೊಬ್ಬನೇ. ಆಟ ಶುರುವಾಗುವ ಮುನ್ನವೇ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತಾರೆ: ಇದು ನೀನು ಸತ್ತ ಬಗೆಯ ಕಥೆ, ಎಂದು. ಗೆಲ್ಲುವ ಬಗೆ ಎಂಬುದೇ ಇಲ್ಲ. ಊರು ಪಾರಾಗುವುದಿಲ್ಲ, ಸೈನ್ಯ ಬಂದು ಬಿಡಿಸುವುದಿಲ್ಲ, ಮದ್ದು ಸಿಗುವುದಿಲ್ಲ. ಎಷ್ಟು ದಿನ ಬದುಕಿದೆ ಎಂಬುದೊಂದೇ ಲೆಕ್ಕ.

ಸೋಲು ಖಚಿತವೆಂದು ಮೊದಲೇ ಬರೆದುಕೊಟ್ಟ ಆಟವನ್ನು ಲಕ್ಷಾಂತರ ಜನ ವರ್ಷಗಟ್ಟಲೆ ಆಡುತ್ತಾರೆಂದರೆ ಅದರಲ್ಲೇನೋ ಇರಲೇಬೇಕು. ಇರುವುದೇನೆಂದರೆ, ಸಂಸಾರ.

ಈ ಮಾತು ವಿಚಿತ್ರವಾಗಿ ಕೇಳಿಸಬಹುದು. ಆದರೆ ಆಟದಲ್ಲಿ ದಿನ ಕಳೆಯುವ ರೀತಿಯನ್ನು ನೋಡಿದರೆ ಬೇರೆ ಹೆಸರು ಹೊಂದುವುದಿಲ್ಲ. ಮೊದಲ ಕೆಲವು ದಿನ ಕರೆಂಟೂ ನೀರೂ ಇರುತ್ತವೆ. ಆಮೇಲೆ ಒಂದು ದಿನ, ಯಾವ ದಿನವೆಂದು ಗೊತ್ತಿಲ್ಲ, ಸಾಮಾನ್ಯವಾಗಿ ತಿಂಗಳು ತುಂಬುವುದರೊಳಗೆ, ದೀಪ ಆರಿಹೋಗುತ್ತದೆ. ಇನ್ನೊಂದು ದಿನ ನಲ್ಲಿ ನಿಂತುಹೋಗುತ್ತದೆ. ಅಷ್ಟರೊಳಗೆ ಜಾಣನಾದವನು ಪಾತ್ರೆ, ಬಾಟಲಿ, ಬಕೆಟ್ಟು ತುಂಬಿಟ್ಟಿರಬೇಕು. ಫ್ರಿಜ್ಜಿನಲ್ಲಿದ್ದ ಮಾಂಸ, ಹಾಲು, ತರಕಾರಿಯನ್ನು ಮೊದಲು ಮುಗಿಸಬೇಕು. ಡಬ್ಬಿಯಲ್ಲಿರುವುದನ್ನೂ ಅಕ್ಕಿಯನ್ನೂ ಕೊನೆಗೆ ಉಳಿಸಬೇಕು. ಮಳೆಯ ನೀರಿಗೆ ಹಲಗೆಯಿಂದ ತೊಟ್ಟಿ ಕಟ್ಟಬೇಕು, ಆ ನೀರನ್ನು ಕಾಯಿಸದೆ ಕುಡಿಯಕೂಡದು. ಹಿತ್ತಿಲಲ್ಲಿ ಪಾತಿ ಮಾಡಿ ಕೋಸು, ಆಲೂಗೆಡ್ಡೆ, ಟೊಮೇಟೊ ಬೆಳೆಯಬೇಕು. ನೀರು ಹೆಚ್ಚಾದರೂ ಕೇಡು, ಕಡಿಮೆಯಾದರೂ ಕೇಡು. ಜನರೇಟರು ಸಿಕ್ಕಿದರೂ ಅದರ ಪುಸ್ತಕ ಓದದೆ ಹಚ್ಚಲು ಬರುವುದಿಲ್ಲ. ಟೆಲಿವಿಷನ್ ಬರುವ ಮೊದಲ ವಾರದಲ್ಲಿ ಬಡಗಿ ಕೆಲಸ, ಅಡುಗೆ, ಮೀನು ಹಿಡಿಯುವುದನ್ನು ಕಲಿಸುವ ಕಾರ್ಯಕ್ರಮಗಳಿರುತ್ತವೆ. ಹೊತ್ತಿಗೆ ಸರಿಯಾಗಿ ಅದರ ಮುಂದೆ ಕುಳಿತವನು ಮುಂದೆ ಸುಖಪಡುತ್ತಾನೆ. ಯಾವ ಗೃಹಿಣಿಗೆ ಇದನ್ನೆಲ್ಲ ಹೇಳಿಕೊಡಬೇಕು? ಉಪ್ಪಿನಕಾಯಿ ಹಾಕುವವಳು, ಹಪ್ಪಳ ಸಂಡಿಗೆ ಒಣಗಿಸುವವಳು, ಗ್ರಹಣಕ್ಕೆ ಮುಂಚೆ ನೀರು ಹಿಡಿದಿಡುವವಳು ಈ ಆಟವನ್ನು ಜನ್ಮವೆಲ್ಲ ಆಡಿದ್ದಾಳೆ.

ಅದರಲ್ಲಿಯೂ ಅಬ್ಬಿಗೆರೆಯ ಗೃಹಿಣಿ. ಊರಿನ ಹೆಸರಿನಲ್ಲಿಯೇ ಕೆರೆಯುಂಟು. ಆದರೆ ಹೊಸದಾಗಿ ಎದ್ದ ಬಡಾವಣೆಗಳು ಬಾಳಿದ್ದು ಕೊಳವೆ ಬಾವಿಯನ್ನೂ ಟ್ಯಾಂಕರನ್ನೂ ನಂಬಿ. 2024ರ ಬೇಸಗೆಯಲ್ಲಿ ಬೆಂಗಳೂರಿನ ಹೊರವಲಯದ ಕೊಳವೆ ಬಾವಿಗಳು ಸಾಲುಸಾಲಾಗಿ ಬತ್ತಿದಾಗ ಜಲಮಂಡಲಿಯವರು ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡವೆಂದು ಸಾರಬೇಕಾಯಿತು. ಬೇಳೆ ತೊಳೆದ ನೀರು ಗಿಡಕ್ಕೆ, ಬಟ್ಟೆ ಒಗೆದ ನೀರು ಬಚ್ಚಲಿಗೆ ಎಂಬ ಲೆಕ್ಕ ಆಗ ಸುಖವಾಗಿದ್ದ ಮನೆಗಳಿಗೂ ಬಂತು. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಉದ್ಘಾಟನೆಯಾಯಿತು. ಆದರೂ ಒಂದು ಸಲ ನಲ್ಲಿ ಸೊರಗುಟ್ಟಿದ ಸದ್ದನ್ನು ಕೇಳಿದವರ ಕಿವಿಯಿಂದ ಅದು ಹೋಗುವುದಿಲ್ಲ. ಕೆಂಟಕಿಯ ಬೊಂಬೆಮನುಷ್ಯ ನಲ್ಲಿ ತಿರುಗಿಸಿ ನೀರು ಬಾರದೆ ನಿಂತಾಗ ತಾಯಿಗೆ ಆಗುವ ಸಂಕಟಕ್ಕೆ ಅನುವಾದ ಬೇಕಿಲ್ಲ.

ಆಟದ ಮತ್ತೊಂದು ಚಮತ್ಕಾರವನ್ನು ಇಲ್ಲಿ ಹೇಳಲೇಬೇಕು. ಆರಂಭದಲ್ಲಿ ಆಡುವಾತ ತನ್ನ ಮನುಷ್ಯನಿಗೆ ತಾನೇ ಜಾತಕ ಬರೆಯುತ್ತಾನೆ. ಬಡಗಿಯೋ, ಬೆಂಕಿ ಆರಿಸುವ ದಳದವನೋ, ನಿರುದ್ಯೋಗಿಯೋ ಎಂಬುದು ಅವನ ಇಷ್ಟ. ಗುಣ ಬೇಕಾದರೆ ಬೆಲೆ ಕೊಡಬೇಕು. ಬೆಲೆಗೆ ಅಂಕ ಬೇಕಾದರೆ ದೋಷಗಳನ್ನು ಒಪ್ಪಿಕೊಳ್ಳಬೇಕು. ದೃಷ್ಟಿ ಮಂದ, ಬೀಡಿ ಸಿಗರೇಟಿನ ಚಟ, ನೆತ್ತರು ಕಂಡರೆ ಹೆದರಿಕೆ, ಕಿವಿ ಕೇಳದಿರುವುದು, ಹೀಗೆ. ಬಲಶಾಲಿಯೂ ಆಗಬೇಕು, ಚುರುಕೂ ಇರಬೇಕು ಎಂದವನು ಕಿವುಡನೋ ಅಂಜುಬುರುಕನೋ ಆಗಿ ಬೀದಿಗಿಳಿಯುತ್ತಾನೆ. ಬೆನ್ನಹಿಂದೆ ಬರುವ ಹೆಜ್ಜೆಯ ಸದ್ದು ಕೇಳಿಸದೆ ಅವನು ಕೊನೆಗಾಣುವಾಗ, ಜಾತಕ ತಪ್ಪಾಗಿತ್ತೆಂದು ಜೋಯಿಸರನ್ನು ದೂರುವ ಹಾಗೂ ಇಲ್ಲ.

ಯಜಮಾನರಿಗೆ ಮಾತ್ರ ಇದು ಹಿಡಿಸುವುದಿಲ್ಲ. ಬೆಳಗಿನ ಕಾಫಿಯ ಹೊತ್ತಿಗೆ ಅವರ ಆಕ್ಷೇಪಣೆ ಸಿದ್ಧವಾಗಿರುತ್ತದೆ: "ಹೆಣಗಳ ಜೊತೆ ಏನು ಆಟವೋ ಅದು! ಮನೆಯಲ್ಲಿ ದೇವರ ದೀಪ ಹಚ್ಚುತ್ತಾರೆ ಅನ್ನುವ ಜ್ಞಾನವಾದರೂ ಬೇಡವೆ?"

ಅವರ ಮಾತನ್ನು ಹಳೆಯ ಕಾಲದವರ ಗೊಣಗೆಂದು ತಳ್ಳಿಹಾಕಲಾಗದು. ನಮ್ಮ ನಾಡಿನಲ್ಲಿ ಸತ್ತವನು ಎದ್ದು ಬರುವನೆಂದರೆ ಅದಕ್ಕೆ ಕಾರಣವಿರುತ್ತದೆ. ಕರ್ಮ ನಡೆಯದ ಪ್ರೇತ ತನ್ನ ಪಿಂಡ ಕೇಳಲು ಬರುತ್ತದೆ. ಹೆಣದೊಳಗೆ ಹೊಕ್ಕ ಬೇತಾಳ ವಿಕ್ರಮನ ಹೆಗಲೇರಿ ಕಥೆ ಹೇಳುತ್ತದೆ, ಪ್ರಶ್ನೆ ಕೇಳುತ್ತದೆ. 'ಚಂದಮಾಮ' ಓದಿ ಬೆಳೆದವರಿಗೆ ಅದರ ಮೇಲೆ ಸ್ವಲ್ಪ ಪ್ರೀತಿಯೂ ಉಂಟು. ಜೋಂಬಿಗೆ ಮಾತಿಲ್ಲ, ಹಗೆಯಿಲ್ಲ, ಬೇಡಿಕೆಯಿಲ್ಲ. ಹೆಯ್ಟಿ ದ್ವೀಪದಲ್ಲಿ ಕಬ್ಬಿನ ತೋಟಗಳ ಗುಲಾಮರ ನಡುವೆ ಹುಟ್ಟಿದ ಕಲ್ಪನೆ ಅದು: ಸತ್ತ ಮೇಲೂ ಯಜಮಾನನಿಗಾಗಿ ದುಡಿಯಬೇಕಾದ ದೇಹ. ಗುಲಾಮನಿಗೆ ಇದಕ್ಕಿಂತ ಘೋರವಾದ ಭಯ ಯಾವುದಿದ್ದೀತು? ಅದನ್ನು ಮನುಷ್ಯರನ್ನು ತಿನ್ನುವ ಹಿಂಡನ್ನಾಗಿ ಬದಲಿಸಿದ್ದು 1968ರಲ್ಲಿ ಅಮೆರಿಕದ ಜಾರ್ಜ್ ರೊಮೆರೊ ತೆಗೆದ ಒಂದು ಚಲನಚಿತ್ರ. ಅಂದಿನಿಂದ ಬಂದ ಸಿನಿಮಾಗಳಿಗೂ ಆಟಗಳಿಗೂ ಅದೇ ತಾಯಿಬೇರು.

ಬೆಂಗಳೂರಿನವರಿಗೂ ಕದ ತಟ್ಟುವ ಭೂತವೊಂದು ಪರಿಚಯವಿತ್ತು. 1990ರ ದಶಕದಲ್ಲಿ ನಗರದ ಎಷ್ಟೋ ಬೀದಿಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತಿದ್ದುದು ಅನೇಕರಿಗೆ ನೆನಪಿದೆ. ರಾತ್ರಿ ಒಂದು ದೆವ್ವ ಬಂದು ಮನೆಯವರ ದನಿಯಲ್ಲಿಯೇ ಕೂಗುತ್ತದೆ, ಕದ ತೆರೆದವರು ಉಳಿಯುವುದಿಲ್ಲ ಎಂದು ಸುದ್ದಿ. ಬರಹ ಓದಿ ಅದು ಹಿಂತಿರುಗುತ್ತದೆ, ಮಾರನೆಯ ದಿನ ಬಂದು ಮತ್ತೆ ಓದುತ್ತದೆ. ಎಂತಹ ಸುಸಂಸ್ಕೃತ ದೆವ್ವ! ಕನ್ನಡ ಬಲ್ಲದು, ಹೇಳಿದ ಮಾತಿಗೆ ಬೆಲೆ ಕೊಡುವುದು. ಮುಂದೆ 2018ರ 'ಸ್ತ್ರೀ' ಎಂಬ ಹಿಂದಿ ಚಿತ್ರ ಈ ಉಪಾಯವನ್ನು ಎತ್ತಿಕೊಂಡು ಚೆನ್ನಾಗಿ ಹಣ ಮಾಡಿತು. ಕೆಂಟಕಿಯ ಹಿಂಡಿಗೆ ಅಕ್ಷರ ಬಾರದು. ಅದರ ಎದುರಿಗೆ ಹಲಗೆಯೂ ಮೊಳೆಯೂ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಸದ್ದು ಮಾಡದಿರುವ ತಾಳ್ಮೆ ಬೇಕು. ಕಿಟಕಿಯ ಗಾಜು ಒಡೆದರೆ, ರೇಡಿಯೊ ಜೋರಾಗಿ ಹಾಕಿದರೆ, ಕಳ್ಳರ ಗಂಟೆಯಿರುವ ಮನೆಯ ಕದವನ್ನು ತಿಳಿಯದೆ ತೆರೆದರೆ, ಇಡೀ ಬೀದಿಯೇ ಬಾಗಿಲಿಗೆ ಬರುತ್ತದೆ.

ಇದೆಲ್ಲ ಕಟ್ಟುಕಥೆಯಾಯಿತು. ಆದರೆ ಬೀದಿಗಳು ಬರಿದಾಗಿ, ಮನೆಗಳು ಕದ ಹಾಕಿ, ನೆರೆಯವನನ್ನು ಕಂಡರೆ ನೆರೆಯವನು ಹೆದರಿದ ಕಾಲ ಬೆಂಗಳೂರಿಗೆ ನಿಜವಾಗಿಯೂ ಬಂದಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲಿನ ದಾರಿ ಹಿಡಿದು ಹುಬ್ಬಳ್ಳಿಗೆ, ಅಲ್ಲಿಂದ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು. ರೈಲಿನಲ್ಲಿ ಬಂದವರನ್ನು ತಡೆದು ಪರೀಕ್ಷಿಸಿದರು. ರೋಗ ತಗುಲಿದ ಮನೆಯವರನ್ನು ಊರ ಹೊರಗಿನ ಶಿಬಿರಗಳಿಗೆ ಸಾಗಿಸಿದರು. ಪ್ಲೇಗಿನ ಕೆಲಸದ ಅನುಕೂಲಕ್ಕೆಂದೇ ನಗರದಲ್ಲಿ ಟೆಲಿಫೋನ್ ತಂತಿ ಎಳೆಸಿದರು. ಪೇಟೆಯ ಇಕ್ಕಟ್ಟಿನ ಓಣಿಗಳ ಪಾಡನ್ನು ಕಂಡ ಮೇಲೆ ಅಗಲವಾದ ರಸ್ತೆಗಳ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಇಂದು ಅಲ್ಲಿ ಸಂಜೆ ತಿರುಗಾಡುವವರಲ್ಲಿ, ತಮ್ಮ ಬಡಾವಣೆಯ ಬೆಳವಣಿಗೆಗೆ ಒಂದು ಮಾರಿಯೂ ಕಾರಣವೆಂದು ನೆನೆಯುವವರು ಕಡಿಮೆ. ಪ್ಲೇಗಿನ ಮಾರಮ್ಮನ ಗುಡಿಗಳು ಮಾತ್ರ ಊರಿನಲ್ಲಿ ಅಲ್ಲಲ್ಲಿ ಉಳಿದಿವೆ.

ಆ ಕಾಲದ ಮನೆಮಾತಿನಲ್ಲಿ ಎಲ್ಲಕ್ಕಿಂತ ಭಯಂಕರವಾದುದು "ಇಲಿ ಬಿತ್ತು" ಎಂಬ ಎರಡು ಶಬ್ದ. ಅಟ್ಟದಿಂದ ಇಲಿ ಬಿದ್ದು ಸತ್ತಿತೆಂದರೆ ಮನೆ ಬಿಡಬೇಕು. ಪಾತ್ರೆ ಪದಾರ್ಥ ಕಟ್ಟಿಕೊಂಡು ಊರಾಚೆಯ ಹೊಲದಲ್ಲಿಯೋ ತೋಪಿನಲ್ಲಿಯೋ ಗುಡಿಸಲು ಹಾಕಿಕೊಳ್ಳಬೇಕು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂದು ಪಾಲ್ ಲೂಯಿ ಸೀಮೊಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಕೂಡ ಅದೇ 1898ರಲ್ಲಿ. ಅವನ ಮಾತನ್ನು ವಿದ್ವಾಂಸರು ಒಪ್ಪಲು ಹಲವು ವರ್ಷ ಹಿಡಿಯಿತು. ಗುಡಿಸಲಿಗೆ ಹೋದ ಹಳ್ಳಿಗರು ಆ ವೇಳೆಗೆ ತಮ್ಮ ಪಾಡಿಗೆ ತಾವು ಬದುಕಿಕೊಂಡಿದ್ದರು.

ಇಲ್ಲಿ ಆಟಕ್ಕೂ ನಿಜಕ್ಕೂ ಒಂದು ದೊಡ್ಡ ಅಂತರ ಕಾಣುತ್ತದೆ. ಕೆಂಟಕಿಯಲ್ಲಿ ಮನೆಯೇ ಕೋಟೆ; ಬೆಂಗಳೂರಿನಲ್ಲಿ ಮನೆಯೇ ಮೃತ್ಯು. ಅದಕ್ಕಿಂತ ದೊಡ್ಡದು ಇನ್ನೊಂದು. ಹೊಲದ ಗುಡಿಸಲುಗಳು ಒಂದರ ಪಕ್ಕ ಒಂದು ಇದ್ದವು. ಹಾಲು ಕೊಟ್ಟವರಿದ್ದರು, ತಾಯಿ ಸತ್ತ ಕೂಸನ್ನು ಎತ್ತಿಕೊಂಡವರಿದ್ದರು, ಹೆಣ ಮುಟ್ಟಲು ಹೆದರಿ ಓಡಿದವರೂ ಇದ್ದರು. ಅನಂತಮೂರ್ತಿಯವರ 'ಸಂಸ್ಕಾರ' (1965) ಕಾದಂಬರಿಯಲ್ಲಿ ಅಗ್ರಹಾರವನ್ನು ಅಲುಗಿಸುವುದು ಹೆಣದ ಭಯವಲ್ಲ. ಅದನ್ನು ಸುಡತಕ್ಕವರು ಯಾರು ಎಂಬ ಪ್ರಶ್ನೆ. ಮನುಷ್ಯ ಮನುಷ್ಯನಿಗೆ ಏನಾಗಬೇಕು ಎಂಬುದು ಪ್ಲೇಗಿನ ಕಾಲದಲ್ಲಿ ದಿನದಿನದ ತೀರ್ಮಾನವಾಗಿತ್ತು. ಒಂಟಿಯಾಗಿ ಆಡುವ ಜೋಂಬಿ ಆಟದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಎದುರಿಗೆ ಇನ್ನೊಬ್ಬ ಮನುಷ್ಯನಿಲ್ಲ. ಕೇಳುವವರಿಲ್ಲದ ಮನೆಯಲ್ಲಿ ಎಲ್ಲವೂ ತನ್ನದೇ. ಪಕ್ಕದ ಮನೆಯ ಕಪಾಟು ತೆರೆದು ಸಕ್ಕರೆ ತರಬಹುದು, ಕೊಟ್ಟವರ ಋಣವಿಲ್ಲ. ಈ ಸ್ವಾತಂತ್ರ್ಯ ಬಾಡಿಗೆ, ಕಂತು, ಮೇಲಧಿಕಾರಿಗಳ ನಡುವೆ ಸಿಕ್ಕ ಹುಡುಗನಿಗೆ ಎಷ್ಟು ಸಿಹಿಯೆಂಬುದನ್ನು ಯಜಮಾನರು ತಿಳಿಯಬೇಕು. ಅದರ ಬೆಲೆ ಏನೆಂಬುದನ್ನು ಮಗನೂ ತಿಳಿಯಬೇಕು.

ಹಾಗೆ ನೋಡಿದರೆ ಆಟ ಆ ಬೆಲೆಯನ್ನು ಮುಚ್ಚಿಡುವುದಿಲ್ಲ. ಹಸಿವು ಬಾಯಾರಿಕೆಗಳಂತೆಯೇ ಬೇಸರಕ್ಕೂ ಅಲ್ಲಿ ಒಂದು ಗುರುತು ಮೂಡುತ್ತದೆ. ಹಲಗೆ ಹೊಡೆದು, ಅನ್ನ ಕೂಡಿಟ್ಟು, ಎಲ್ಲ ಭದ್ರವಾದ ಮೇಲೆ ಬೊಂಬೆಮನುಷ್ಯನಿಗೆ ಬೇಸರ ಹಿಡಿಯುತ್ತದೆ. ಬೇಸರ ಬೆಳೆದು ದುಃಖವಾಗುತ್ತದೆ. ಪುಸ್ತಕ ಓದಿಸಿ ಅವನನ್ನು ಸಮಾಧಾನಪಡಿಸಬೇಕು. 2020ರ ಮಾರ್ಚ್ 25ರಿಂದ ದೇಶವೆಲ್ಲ ಇಪ್ಪತ್ತೊಂದು ದಿನ ಕದ ಹಾಕಿಕೊಂಡಾಗ, ತುಂಬಿದ ಡಬ್ಬಗಳ ನಡುವೆ ಕುಳಿತು ಅದೇ ಬೇಸರವನ್ನು ಅನುಭವಿಸಿದವರಿಗೆ ಇದು ಹೊಸದಲ್ಲ. 2021ರ ಡಿಸೆಂಬರಿನಲ್ಲಿ ಅನೇಕರು ಕೂಡಿ ಆಡುವ ಸುಧಾರಿತ ಆವೃತ್ತಿ ಬಂದಾಗ ಆಟಗಾರರ ಸಂಖ್ಯೆ ಒಮ್ಮೆಗೆ ಏರಿತು. ಅಬ್ಬಿಗೆರೆಯ ಹುಡುಗನೂ ಹೈದರಾಬಾದಿನ ಗೆಳೆಯನೂ ಒಂದೇ ಛಾವಣಿ ದುರಸ್ತಿ ಮಾಡಬಹುದು. ಒಬ್ಬನಿಗೆ ಕಚ್ಚು ಬಿದ್ದರೆ ಇನ್ನೊಬ್ಬನೇನು ಮಾಡಬೇಕು ಎಂಬ ಪ್ಲೇಗಿನ ಪ್ರಶ್ನೆ ಆಗ ತಾನಾಗಿಯೇ ಬರುತ್ತದೆ.

ನಡುವೆ ಒಂದು ಸಂಗತಿ. ಕಥೆಗಾರರು ಬರೆದಿದ್ದರೆ ಸಂಪಾದಕರು ಅಸಹಜವೆಂದು ಹೊಡೆದುಹಾಕುತ್ತಿದ್ದರು. ಮನೆಗೆ ಹಲಗೆ ಬಡಿದು ಭದ್ರಪಡಿಸುವುದನ್ನು ಲೋಕಕ್ಕೆ ಕಲಿಸಹೊರಟ ಈ ತಂಡದ ಇಬ್ಬರ ಮನೆಗೇ 2011ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ ಕನ್ನ ಬಿತ್ತು. ಹೋದದ್ದು ಎರಡು ಲ್ಯಾಪ್‌ಟಾಪು. ಅವುಗಳಲ್ಲಿದ್ದ ಹೊಸ ಕೆಲಸದ ಬಹುಭಾಗಕ್ಕೆ ಬೇರೆ ಪ್ರತಿ ಇರಲಿಲ್ಲ. ತಿಂಗಳುಗಟ್ಟಲೆಯ ಶ್ರಮ ಕಳ್ಳನ ಚೀಲ ಸೇರಿತು. ಹಣ ಕೊಟ್ಟು ಕಾದಿದ್ದವರು ಅಂದದ್ದನ್ನೆಲ್ಲ ಅನ್ನಿಸಿಕೊಂಡು, ತಂಡದವರು ಮತ್ತೆ ಬರೆಯತೊಡಗಿದರು. ಕೂಡಿಟ್ಟದ್ದು ಒಂದು ರಾತ್ರಿಯಲ್ಲಿ ಹೋಗುವ ಸಂಕಟ ಅವರ ಆಟದಲ್ಲಿ ಅಷ್ಟು ನಿಜವಾಗಿ ಕಾಣುವುದು ಇದರಿಂದಲೇ ಎಂದು ಹೇಳಲಾಗದು. ಆದರೂ ನೆನಪಿಗೆ ಬಾರದೆ ಇರದು.

ನೆತ್ತರು, ಹೊಡೆದಾಟ ಬೇಕಾದಷ್ಟಿರುವುದರಿಂದ ಚಿಕ್ಕ ಮಕ್ಕಳ ಕೈಗೆ ಕೊಡತಕ್ಕ ಆಟ ಇದಲ್ಲ. ದೊಡ್ಡವರಿಗೂ ರಾತ್ರಿಗಳನ್ನು ನುಂಗುವ ಗುಣ ಇದಕ್ಕುಂಟು. ತಂದೆಯ ನಿಜವಾದ ಚಿಂತೆ ಹೆಣಗಳಲ್ಲ. ಬೆಳಿಗ್ಗೆ ಆರೂವರೆಗೆ ಬಸ್ಸು ಹಿಡಿಯಬೇಕಾದ ಮಗನ ಕೆಂಪು ಕಣ್ಣು. ಆ ಮಾತನ್ನು ಅವರು ನೇರವಾಗಿ ಆಡಿದ್ದರೆ ಮನೆಯಲ್ಲಿ ವಾದ ಕಡಿಮೆಯಾಗುತ್ತಿತ್ತೋ ಏನೋ.

ಮಗನ ಮನುಷ್ಯ ಒಂದು ರಾತ್ರಿ ಸಾಯುತ್ತಾನೆ. ಹಿಂಡು ಮುತ್ತಿ ಅಲ್ಲ, ವೀರಮರಣವಲ್ಲ. ಎರಡು ತಿಂಗಳು ಬದುಕಿದ ಗರ್ವದಲ್ಲಿ, ಹೊಸದಾಗಿ ಹೊಕ್ಕ ಮನೆಯ ಬಚ್ಚಲ ಕದದ ಹಿಂದೆ ನೋಡದೆ ಒಳಗೆ ಕಾಲಿಟ್ಟ, ಅಷ್ಟೆ. ತರಚಿದ ಗಾಯವಾಗಿದ್ದರೆ ಉಳಿಯುವ ಸಂಭವವಿತ್ತು, ಕಚ್ಚಿದರೆ ಉಳಿವಿಲ್ಲ. ಗೊತ್ತಿದ್ದೂ ಅವನನ್ನು ತನ್ನ ಮನೆಗೇ ನಡೆಸಿಕೊಂಡು ಬಂದು, ಕದ ಹಾಕಿಸಿ, ಮಂಚದ ಮೇಲೆ ಮಲಗಿಸಿದ. ಆಟದಲ್ಲಿ ಹಾಗೆ ಮಾಡಬೇಕೆಂದೇನೂ ಇಲ್ಲ.

ವಾರ ಕಳೆದ ಮೇಲೆ ಅದೇ ಊರಿನಲ್ಲಿ ಹೊಸ ಮನುಷ್ಯನೊಬ್ಬ ಹೊರಡುತ್ತಾನೆ. ಜಗತ್ತು ಹಳೆಯದೇ, ಹಿಂದಿನವನು ನೆಟ್ಟ ಕೋಸು ಬಾಡಿದೆ, ತೊಟ್ಟಿಯಲ್ಲಿ ಮಳೆನೀರು ನಿಂತಿದೆ. ತಾಯಿ ಅಂದೂ ಟ್ಯಾಂಕರಿಗೆ ಕಾದು ಬಾಗಿಲಲ್ಲಿ ನಿಂತಿರುತ್ತಾಳೆ. ಹೊಸಬ ಹಳೆಯ ಮನೆಯ ಕದ ತೆರೆಯುತ್ತಾನೆ. ಒಳಗೆ ನೀಲಿ ಅಂಗಿಯ ಒಬ್ಬ, ಬೆನ್ನು ತಿರುಗಿಸಿ ನಿಂತಿದ್ದಾನೆ.

"ಯಾರಪ್ಪ ಅದು?"

"ನಾನೇ ಅಮ್ಮ. ಹೋದ ವಾರದ ನಾನು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಕ್ಕಿ ಇತ್ತಲ್ಲ, ಒಳಗೆ?"

"ಇದೆ. ಆದರೆ ದಾರಿಗೆ ಅಡ್ಡ ನಿಂತಿದ್ದಾನೆ."

ಅಷ್ಟರಲ್ಲಿ ಕೆಳಗೆ ಟ್ಯಾಂಕರಿನ ಸದ್ದಾಯಿತು. "ಬಾ, ಪೈಪು ಹಿಡಿ, ನನ್ನೊಬ್ಬಳ ಕೈಲಿ ಆಗಲ್ಲ" ಎಂದು ಅವಳು ಮೆಟ್ಟಿಲಿಳಿದಳು. ಹುಡುಗ ಆಟವನ್ನು ನಿಲ್ಲಿಸಿ ಚಪ್ಪಲಿ ಮೆಟ್ಟಿದ. ಪರದೆಯ ಮೇಲೆ ತೆರೆದ ಬಾಗಿಲಿನ ಆಚೆಗೊಬ್ಬ, ಈಚೆಗೊಬ್ಬ, ಹಾಗೆಯೇ ನಿಂತಿದ್ದರು. ಸಂಪು ತುಂಬಲು ಮುಕ್ಕಾಲು ಗಂಟೆ ಹಿಡಿಯಿತು.